ಮಲಯಕ್ಕೆ ಹೋಗದ ನಮ್ಮತ್ತೆ

ನಮ್ಮತ್ತೆಯ ಎಡಗಣ್ಣಿನ ರೆಪ್ಪೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಅರಿಶಿನ ಬೇಯಿಸುವ ಕೊಪ್ಪರಿಗೆಯ ಮುಚ್ಚಳ ತೆಗೆಯುವಾಗ ಹಬೆ ಹೊಡೆದು ಆ ರೆಪ್ಪೆ ಸುಟ್ಟಿತ್ತಂತೆ. ಪೂರ್ತಿ ಮೇಲಕ್ಕೂ ಹೋಗುತ್ತಿರಲಿಲ್ಲ, ಪೂರ್ತಿ ಕೆಳಕ್ಕೂ ಇಳಿಯುತ್ತಿರಲಿಲ್ಲ. ನಿದ್ದೆ ಮಾಡುವಾಗಲೂ ಕಣ್ಣಿನ ಬಿಳಿ ಕಾಣುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ, ಮಲಗಿದ್ದಾಳೆ ಎಂದು ತಿಳಿದು ಡಬ್ಬದಿಂದ ಒಂದು ಚೂರು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡೆ. "ಗುಂಡ್ಲುಪೇಟೇಲಿ ಬೆಲ್ಲ ಸಿಕ್ಕಲ್ವಾಮ್ಮಿ?" ಅಂದಳು. ಎದ್ದಿದ್ದಳೋ ಮಲಗಿದ್ದಳೋ ಶಿವನಿಗೇ ಗೊತ್ತು.

ನನ್ನ ಹೆಸರು ಹಿಡಿದು ಅವಳು ಕರೆದದ್ದೇ ಇಲ್ಲ. ನನ್ನ ತವರು ಗುಂಡ್ಲುಪೇಟೆ. ಅದೇ ನನ್ನ ಹೆಸರಾಯಿತು. "ಏ ಗುಂಡ್ಲುಪೇಟೆ, ಒಲೆ ನೋಡು." "ಗುಂಡ್ಲುಪೇಟೆ, ಎಮ್ಮೆಗೆ ನೀರ್ ಮಡಗು." ಬಸ್ಸಿನವನು ಬಾಗಿಲಲ್ಲಿ ನಿಂತು ಕೂಗಿದ ಹಾಗೆ.

ಅವರ ಮನೆ ಚಾಮರಾಜನಗರದ ಅಂಚಿನಲ್ಲಿತ್ತು. ಮನೆಯ ಹಿಂದೆ ಹಿತ್ತಿಲು, ಹಿತ್ತಿಲು ದಾಟಿದರೆ ಬಾವಿ, ಬಾವಿಯಾಚೆ ಹೊಲ. ಹೊಲದಲ್ಲಿ ಅರಿಶಿನ. ಗಂಡುಮಕ್ಕಳು ಇಬ್ಬರು. ದೊಡ್ಡವನನ್ನು ನನಗೆ ಕಟ್ಟಿದರು. ಚಿಕ್ಕವನು ನಾನು ಬರುವ ಮೊದಲೇ ಹಡಗು ಹತ್ತಿ ಮಲಯಕ್ಕೆ ಹೋಗಿದ್ದ, ಯಾವುದೋ ರಬ್ಬರ್ ತೋಟದಲ್ಲಿ ಗುಮಾಸ್ತೆ. ನನ್ನ ಗಂಡ ಒಂದು ಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ಹೊಲದ ಮೂಲೆಯಲ್ಲೇ ಅವನಿಗೆ ಮಣ್ಣು ಕೊಟ್ಟರು. ನಮ್ಮ ಜನದಲ್ಲಿ ಹೂಳುವುದೇ ಪದ್ಧತಿ. ಆಗ ನನಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಗಂಡ ಸತ್ತ ಮೇಲೆ ಅತ್ತೆ ನನ್ನನ್ನು ಮೊದಲಿಗಿಂತ ಹೆಚ್ಚು ದುಡಿಸಿದಳು. ಸುಳ್ಳು ಹೇಳುವುದೇಕೆ. ಅರಿಶಿನ ಕೀಳುವ ಕಾಲಕ್ಕೆ ಬೆಳಗಾದರೆ ಹೊಲ, ಬಿಸಿಲೇರಿದರೆ ಕೊಪ್ಪರಿಗೆ. ಬೆಂದ ಕೊಂಬನ್ನು ಹರಡಿ ಹರಡಿ ನನ್ನ ಎರಡು ಕೈಯೂ ಮೊಣಕೈವರೆಗೆ ಹಳದಿ. ಪಕ್ಕದ ಮನೆಯವಳು ಬೇಲಿಯಾಚೆ ನಿಂತು ಒಂದು ದಿನ ಅಂದಳು, "ಏನಕ್ಕ, ಗಂಡ ಸತ್ರೂವೆ ನಿನ್ ಸೊಸೆ ಕೈಯ ಅರಿಶಿನ ಓಗಿಲ್ವಲ್ಲ."

ಅತ್ತೆ ಕೊಪ್ಪರಿಗೆಯಿಂದ ತಲೆ ಎತ್ತಲಿಲ್ಲ. "ನಿನ್ ಗಂಡ ಗುಂಡ್ಕಲ್ಲಂಗವ್ನೆ. ನಿನ್ ಕೈ ನೋಡುದ್ರೆ ಬೂದಿ ಬಳ್ಕೊಂಡಂಗದೆ. ಬಾ ಇತ್ಲಾಗೆ, ಎರಡು ಮಕ್ರಿ ಕೊಂಬು ಹರಡು, ನಿಂಗೂ ಹತ್ಲಿ."

ಅವಳು ಸೆರಗು ಕೊಡವಿಕೊಂಡು ಹೋದಳು. ನನಗೆ ಒಳಗೊಳಗೇ ನಗು ಬಂತು. ಅತ್ತೆ ನನ್ನ ಕಡೆ ತಿರುಗಿ, "ನೀನ್ಯಾಕೆ ಹಲ್ ಕಿರಿತಾ ನಿಂತಿದ್ದೀಯೆ? ಸೌದೆ ತಳ್ಳು" ಅಂದಳು. ಅಷ್ಟೇ ಅವಳ ಪ್ರೀತಿ. ಬೇರೆಯವರ ಬಾಯಿಗೆ ನನ್ನನ್ನು ಕೊಡುತ್ತಿರಲಿಲ್ಲ, ಬೈಯುವ ಹಕ್ಕನ್ನು ತಾನೇ ಇಟ್ಟುಕೊಂಡಿದ್ದಳು.

ಅವಳದೊಂದು ಕಟ್ಟುಪಾಡು ಇತ್ತು. ನಮ್ಮ ಕಡೆ ಹೆಂಗಸರು ಮನೆಯಲ್ಲಿ ಅಕ್ಕಿ ಇಲ್ಲ, ಉಪ್ಪು ಇಲ್ಲ ಎಂದು ಬಾಯಲ್ಲಿ ಹೇಳುವುದಿಲ್ಲ. ಹೇಳಿದರೆ ಮನೆ ಕೇಳಿಸಿಕೊಳ್ಳುತ್ತದೆ, ನಿಜವಾಗಿಯೂ ಇಲ್ಲದಂತಾಗುತ್ತದೆ ಎಂದು ಭಯ. ಅಕ್ಕಿ ಮುಗಿದರೆ "ಅಕ್ಕಿ ತುಂಬ್ಯದೆ" ಅನ್ನಬೇಕು, ತರುವವರು ತಿಳಿದುಕೊಳ್ಳಬೇಕು. ಎಲ್ಲರ ಮನೆಯಲ್ಲೂ ಇದ್ದದ್ದೇ, ಆದರೆ ನಮ್ಮತ್ತೆಯಷ್ಟು ಹಠದಿಂದ ನಡೆಸಿದವಳನ್ನು ನಾನು ಕಾಣೆ. ಒಂದು ಸಲ ನಾನು ಬಾಯಿ ತಪ್ಪಿ "ಎಣ್ಣೆ ಇಲ್ಲ ಅತ್ತೆಮ್ಮ" ಅಂದೆ. ಕೈಯಲ್ಲಿದ್ದ ಸೌಟಿನಲ್ಲೇ ಮೊಣಕೈಗೆ ಬಿಟ್ಟಳು. "ಹೊಸ್ಲೊಳಗೆ ಆ ಮಾತ ಇನ್ನೊಂದ್ಸಲ ಎತ್ತುದ್ರೆ ನೋಡು." ಆಮೇಲೆ ತಾನೇ ಪಕ್ಕದ ಬೀದಿಗೆ ಹೋಗಿ ಎಣ್ಣೆ ತಂದಳು.

ಗಂಡ ಸತ್ತ ಮರುವರ್ಷವೋ ಅದರಾಚೆಗೋ ಮಲಯದಿಂದ ಮೈದುನನ ಕಾಗದ ಬಂತು. ಮಾವನಿಗೆ ಕಣ್ಣು ಮಂಜು. ಅತ್ತೆಗೆ ಅಕ್ಷರ ಬಾರದು. ನಾನು ಗುಂಡ್ಲುಪೇಟೆಯ ಸ್ಕೂಲಿಗೆ ಸ್ವಲ್ಪ ದಿನ ಹೋದವಳು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ. ಆದ್ದರಿಂದ ಆ ಮನೆಯ ಕಾಗದಗಳನ್ನೆಲ್ಲ ಓದುವುದು ನನ್ನ ಪಾಲಿಗೆ ಬಿದ್ದಿತ್ತು. ನಡುಮನೆಯಲ್ಲಿ ಕೂತು ಓದಿದೆ. ತಂದೆತಾಯಿಯನ್ನು ಕರೆಸಿಕೊಳ್ಳುವುದಕ್ಕೆ ಅಲ್ಲಿಯ ಸರ್ಕಾರಕ್ಕೆ ಅರ್ಜಿ ಹಾಕಿದ್ದೇನೆ ಎಂದು ಬರೆದಿದ್ದ. ಊರಲ್ಲಿ ನೋಡಿಕೊಳ್ಳುವವರು ಇರುವ ಮುದುಕರನ್ನು ಬಿಡುವುದಿಲ್ಲ, ಅದಕ್ಕೆ ನಿಮಗೆ ಅಲ್ಲಿ ಯಾರೂ ಇಲ್ಲವೆಂದು ಬರೆದುಕೊಟ್ಟಿದ್ದೇನೆ, ಕಚೇರಿಯಿಂದ ವಿಚಾರಣೆಗೆ ಬಂದರೆ ನೀವೂ ಹಾಗೇ ಹೇಳಬೇಕು ಎಂದಿದ್ದ. ಕೊನೆಯಲ್ಲಿ, ಅತ್ತಿಗೆಯನ್ನು, ಅಂದರೆ ನನ್ನನ್ನು, ಅವರ ಅಣ್ಣನ ಮನೆಗೆ ಬಿಟ್ಟುಬನ್ನಿ ಎಂದಿತ್ತು.

ಮಾವನಿಗೆ ಕಿವಿಯೂ ಮಂದ. "ಯಾರೂ ಇಲ್ಲ" ಅನ್ನುವುದನ್ನು ನಾನು ಗಟ್ಟಿಯಾಗಿ ಇನ್ನೊಂದು ಸಲ ಓದಬೇಕಾಯಿತು.

ಅತ್ತೆ ಬಾಯಲ್ಲಿದ್ದ ಎಲೆಅಡಿಕೆಯನ್ನು ಅಗಿಯುವುದು ನಿಲ್ಲಿಸಿದಳು. "ಮನೇಲಿ ಉಪ್ಪಿಲ್ಲ ಅನ್ಬ್ಯಾಡ ಅಂತ ಯೋಳಿ ಸಾಕ್ದೆ. ಜನವೇ ಇಲ್ಲ ಅಂತ ಬರ್ಕೊಟ್ಟವ್ನಲ್ಲ."

"ಕಾಗದದಲ್ಲಿ ಇಲ್ಲ ಅಂದ್ರೆ ಮನೇಲಿ ಇಲ್ದಂಗಾಯ್ತದಾ? ಸರ್ಕಾರದ ಮಾತು ಅದು, ನಿಂಗೊತ್ತಾಗಕಿಲ್ಲ. ಸುಮ್ನಿರು" ಎಂದರು ಮಾವ.

ಅವಳು ಸುಮ್ಮನಾದಳು. ಸುಮ್ಮನಾಗುವುದಕ್ಕೆ ಕಾರಣವೂ ಇತ್ತು. ಅದೇ ಕಾಗದದ ಜೊತೆ ಮೊಮ್ಮಗನ ಪಟ ಬಂದಿತ್ತು. ಅದನ್ನು ಕಣ್ಣ ಹತ್ತಿರ ಹಿಡಿದುಕೊಂಡು, "ಮೂಗು ಯಾರ್ದಂಗದೆ ನೋಡಮ್ಮಿ" ಎಂದು ನನ್ನನ್ನು ಕೇಳಿದಳು. ನಿಮ್ಮದೇ ಅಂದೆ. ಆ ಪಟವನ್ನು ಸೊಂಟದ ಚೀಲದಲ್ಲಿಟ್ಟುಕೊಂಡಳು. ಹೊಲದಲ್ಲಿ ಕೆಲಸ ಮಾಡುವಾಗ ನಡುನಡುವೆ ತೆಗೆದು ನೋಡುವಳು. ಅವಳಿಗೂ ಹೋಗಬೇಕೆಂದಿತ್ತು. ಇದನ್ನು ನಾನು ಹೇಳದಿದ್ದರೆ ಮುಂದಿನದು ಯಾರಿಗೂ ತಿಳಿಯುವುದಿಲ್ಲ.

ಅಲ್ಲಿಂದ ನನ್ನ ಪಾಡು ಬೋನಿಗೆ ಬಿದ್ದ ಇಲಿಯದು. ಮಾವ ಬೀದಿಗೆಲ್ಲ ಹೇಳಿಕೊಂಡು ಬಂದರು. ಹಡಗಿನಲ್ಲಿ ಚಳಿಯಂತೆ ಎಂದು ಕೋಟು ಹೊಲಿಸಿಕೊಂಡರು. ನನಗೆ ಒಂದು ಅಪ್ಪಣೆಯಾಯಿತು. ಕಚೇರಿಯವರು ಯಾವಾಗ ಬೇಕಾದರೂ ಬರಬಹುದು, ಗೊತ್ತಿಲ್ಲದ ಮುಖ ಕಂಡರೆ ಹಿತ್ತಿಲಿಗೆ ಹೋಗಿ ಹುಲ್ಲಿನ ಮೆದೆಯ ಹಿಂದೆ ಕೂತುಕೋ, ಕರೆಯುವತನಕ ಬರಬೇಡ. ಕೂತೆ. ಒಂದು ಸಲ ಕಾಫಿಪುಡಿ ಮಾರುವವನು ಟೋಪಿ ಹಾಕಿಕೊಂಡು ಬಂದಿದ್ದ, ಅವನನ್ನು ತಾಲ್ಲೂಕು ಕಚೇರಿಯ ಅಮಲ್ದಾರನೆಂದು ತಿಳಿದು ಮಧ್ಯಾಹ್ನವೆಲ್ಲ ಮೆದೆಯ ಹಿಂದೆ ಇದ್ದೆ. ನನ್ನನ್ನು ಕರೆಯುವುದನ್ನೇ ಮರೆತಿದ್ದರು. ನೆಂಟರು ಬಂದರೆ ಇನ್ನೂ ಕೆಲಸ ಕೆಟ್ಟಿತು. "ಇವರು ಹೊರಟ್ಮೇಲೆ ನೀನೇನ್ ಮಾಡೀಯೆ?" ಎಂದು ಎಲ್ಲರೂ ನನ್ನನ್ನೇ ಕೇಳುವರು. ನನಗೇನು ಗೊತ್ತು? ನಾನಿರುವ ಮನೆಗೆ ನಾನಿಲ್ಲ. ಹೋಗಬೇಕಾದ ಮನೆಯವರು ಇನ್ನೂ ಕರೆದಿಲ್ಲ.

ಹೊಲ ಕೊಳ್ಳುವವರು ಬಂದು ನೋಡಿಕೊಂಡು ಹೋದರು. ಆ ದಿನ ಅತ್ತೆ ಮಾವನನ್ನು ಕೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತು.

"ಮೂಲೇಲವ್ನಲ್ಲ, ಅವನ್ನೂ ಸೇರ್ಸಿ ಮಾರೀರಾ?"

ಮಾವ ಕೆಮ್ಮಿದರು.

ಅತ್ತೆ ಆಮೇಲೆ ನನ್ನನ್ನು ಕರೆದುಕೊಂಡು ಗುಂಡ್ಲುಪೇಟೆಗೆ ಹೊರಟಳು. ನನ್ನನ್ನು ಬಿಡುವ ಜಾಗ ತಾನು ಕಣ್ಣಾರೆ ನೋಡಬೇಕಂತೆ. ಅಣ್ಣ ಬಾಗಿಲಿಗೇ ಬಂದು "ಬನ್ನಿ ಬನ್ನಿ, ತಂಗಿ ಮನೆ ಇದು, ಯಾವಾಗ ಬೇಕಾದ್ರೂ ಬರ್ಲಿ" ಅಂದ. ಅಣ್ಣ ಕೆಟ್ಟವನಲ್ಲ. ಆದರೆ ಅವನ ಬಾಯಿ ಮಾತ್ರ ಅವನದು, ಮನೆ ಅತ್ತಿಗೆಯದು. ಅತ್ತೆ ಕೂರಲಿಲ್ಲ. ಸೀದಾ ಒಳಗೆ ಹೋಗಿ ಅಡುಗೆಮನೆ, ನಡುಮನೆ, ಹಿತ್ತಿಲು ಎಲ್ಲ ನೋಡಿದಳು.

"ಇವ್ಳು ಮಲಗಾದೆಲ್ಲಿ?" ಎಂದು ಕೇಳಿದಳು.

ಅತ್ತಿಗೆ ಕೊಟ್ಟಿಗೆಯ ಪಕ್ಕಕ್ಕೆ ಗೋಡೆಯಿಲ್ಲದೆ ಇಳಿಸಿದ ಒಪ್ಪಾರು ತೋರಿಸಿದಳು. "ಗಾಳಿ ಬತ್ತದೆ ಕಣತ್ತೆ, ಒಳ್ಳೆ ಜಾಗ. ಹೆಂಗೂ ಬೆಳಿಗ್ಗೆ ಹಾಲು ಕರೆಯೋರು ಬೇಕಾಗಿತ್ತು. ನೀರು ಸೇದೋಳ್ನೂ ಬುಡ್ಸಿವ್ನಿ, ಇವ್ಳು ಬತ್ತಾಳಲ್ಲ ಅಂತ."

"ಬುಡ್ಸೇ ಬುಟ್ಟ್ಯಾ?"

"ಹೂ ಕಣತ್ತೆ."

ಅತ್ತೆ ಅವರ ಮನೆಯ ಊಟ ಮಾಡಿದಳು, ಮಜ್ಜಿಗೆ ಚೆನ್ನಾಗಿದೆ ಎಂದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಯಾಚೆ ನೋಡುತ್ತಾ, "ನಿನ್ ಅತ್ತಿಗೆ ಬುದ್ವಂತೆ. ಆಳು ಬರೋಕ್ ಮುಂಚೆನೇ ಆಳ ಬುಡ್ಸವ್ಳೆ" ಅಂದಳು. ನಾನು ಅಳುತ್ತಿದ್ದೆ. "ಅಳಬ್ಯಾಡ, ಬಸ್ನೋರು ನೋಡ್ತಾರೆ" ಅಂದಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ನಾನಿನ್ನು ಅಲ್ಲಿಗೇ ಹೋಗುವವಳು ಎಂದುಕೊಂಡೆ.

ಶೇಕ್‌ದಾರರು ಬಂದದ್ದು ಅರಿಶಿನ ಒಣಗುವ ಕಾಲದಲ್ಲಿ. ತಾಲ್ಲೂಕು ಕಚೇರಿಯ ಶೇಕ್‌ದಾರರು, ಅಮಲ್ದಾರರ ಕೈಕೆಳಗಿನವರು, ಊರೂರು ತಿರುಗಿ ವಿಚಾರಿಸಿ ವರದಿ ಬರೆಯುವ ಕೆಲಸ. ಸೈಕಲ್ಲಿನಲ್ಲಿ ಬಂದಿದ್ದರು, ಬೆವರು ಸುರಿಯುತ್ತಿತ್ತು. ಗಂಟೆಯ ಸದ್ದು ಕೇಳಿದ್ದೇ ನಾನು ಮೆದೆಯ ಹಿಂದೆ. ಹಿತ್ತಿಲ ಬಾಗಿಲು ತೆರೆದಿತ್ತು, ಮಾತೆಲ್ಲ ಕೇಳುತ್ತಿತ್ತು.

ಮಾವ ಕೋಟು ಹಾಕಿಕೊಂಡೇ ಬಂದು ಕೂತರು. ಶೇಕ್‌ದಾರರು ಹೊಲವೆಷ್ಟು, ಮಗನೆಲ್ಲಿ, ಕಾಯಿಲೆಯೇನು, ಎಲ್ಲ ಕೇಳಿದರು. ಮಾವ ಹೇಳಿದರು. ಕೊನೆಗೆ ಶೇಕ್‌ದಾರರು, "ಮನೆಯಲ್ಲಿ ನೀವಿಬ್ಬರೇ. ನೋಡಿಕೊಳ್ಳೋರು ಬೇರೆ ಯಾರೂ ಇಲ್ಲ, ಅಲ್ಲವಾ?" ಅಂದರು.

"ಇಲ್ಲ ಸ್ವಾಮಿ, ಯಾರೂ ಇಲ್ಲ" ಎಂದರು ಮಾವ.

"ಅಮ್ಮಾ, ನೀವೂ ಒಂದು ಮಾತು ಹೇಳಿಬಿಡಿ. ಇಬ್ಬರ ಬಾಯಿಂದಲೂ ಕೇಳಬೇಕು, ಹಾಗೆ ನಿಯಮ."

ನಾನು ಹುಲ್ಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಅತ್ತೆ ಒಂದು ಮಾತು ಹೇಳಿದರೆ ಮುಗಿಯಿತು. ಅವಳಿಗೆ ಮಗ, ಮೊಮ್ಮಗ. ನನಗೆ ಒಪ್ಪಾರು. ಹೇಳಲಿ, ಬೇಗ ಹೇಳಿ ಮುಗಿಸಲಿ ಎಂದೇ ಅನ್ನಿಸಿತು. ಕಾಯುವುದು ಅಷ್ಟು ಸಾಕಾಗಿತ್ತು ನನಗೆ.

"ಹೇಳೇ" ಎಂದರು ಮಾವ.

"ಹೊಸ್ಲೊಳಗೆ ನಾನು ಆ ಮಾತ ಆಡಕಿಲ್ಲ" ಎಂದಳು ಅತ್ತೆ.

"ಯಾವ ಮಾತು ತಾಯಿ?" ಎಂದರು ಶೇಕ್‌ದಾರರು.

ಅವಳು ಹಿತ್ತಿಲ ಕಡೆ ತಿರುಗಿ ಕೂಗಿದಳು. "ಏ ಗುಂಡ್ಲುಪೇಟೆ! ಸಾಹೇಬ್ರು ಬಿಸ್ಲಲ್ಲಿ ಬಂದವ್ರೆ. ಕಾಲಿಗೆ ನೀರ್ ತಕ್ಕಬಾ."

ನಾನು ಏಳಲಿಲ್ಲ. ಕಿವಿ ಸುಳ್ಳು ಹೇಳಿತು ಎಂದುಕೊಂಡೆ. "ಸತ್ತಿದ್ದೀಯಾ ಬದುಕಿದ್ದೀಯಾ? ಬಾರಮ್ಮಿ!" ಎಂದು ಇನ್ನೊಂದು ಕೂಗು ಬಂತು. ಚೆಂಬಿನಲ್ಲಿ ನೀರು ತುಂಬಿಕೊಂಡು ಹೋದೆ. ಸೀರೆಗೆಲ್ಲ ಹುಲ್ಲು ಅಂಟಿತ್ತು. ಮನೆಗೆ ಬಂದವರ ಕಾಲಿಗೆ ನೀರು ಕೊಡುವವಳು ಆ ಮನೆಯ ಹೆಣ್ಣುಮಗಳು ಇಲ್ಲವೇ ಸೊಸೆ, ಆಳಲ್ಲ. ಅದು ಶೇಕ್‌ದಾರರಿಗೂ ಗೊತ್ತು. ಚೆಂಬು ತೆಗೆದುಕೊಳ್ಳದೆ ನನ್ನನ್ನೂ ಅತ್ತೆಯನ್ನೂ ನೋಡಿದರು.

"ಇವರು?"

"ನನ್ ಸೊಸೆ. ದೊಡ್ಡಮಗನ ಹೆಂಡ್ರು. ಈ ಮನೆ ನಡ್ಸೋಳು ಇವ್ಳೇ."

ಮಾವನ ಮುಖ ನೋಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಶೇಕ್‌ದಾರರು ಒಳ್ಳೆಯವರು. ಕಾಲು ತೊಳೆದು, ಮಜ್ಜಿಗೆ ಕುಡಿದು, ಮೆಲ್ಲಗೆ ಹೇಳಿದರು. "ಯಜಮಾನರೆ, ನಾನು ಕಂಡದ್ದನ್ನ ಕಂಡ ಹಾಗೆ ಬರೆದರೆ ನಿಮ್ಮ ಮಗ ಅಲ್ಲಿನ ಸರ್ಕಾರಕ್ಕೆ ಸುಳ್ಳು ಹೇಳಿದ ಅಂತಾಗುತ್ತೆ. ಅವನ ಕೆಲಸಕ್ಕೇ ಕುತ್ತು. ಅದರ ಬದಲು ಅವನೇ ಅರ್ಜಿ ವಾಪಸ್ ತಗೊಂಡುಬಿಡಲಿ. ನಾನು ಸ್ವಲ್ಪ ದಿನ ಬಿಟ್ಟು ಬರೆಯುತ್ತೇನೆ. ಬೇಗ ಅವನಿಗೆ ತಿಳಿಸಿ." ಸೈಕಲ್ಲು ಹತ್ತಿ ಹೋದರು.

ಆ ಮಧ್ಯಾಹ್ನ ಮಾವ ಕೂಗಾಡಿದ್ದನ್ನು ಬೀದಿಯೆಲ್ಲ ಕೇಳಿತು. ಅತ್ತೆ ಒಂದಕ್ಕೂ ಎದುರಾಡಲಿಲ್ಲ. ಅವರು ಬೈದು ಸೋತು ಜಗಲಿಗೆ ಹೋದ ಮೇಲೆ ನನ್ನನ್ನು ಕರೆದು, "ಕಾಗ್ದ ತಕ್ಕಬಾ, ಬರಿ" ಅಂದಳು. ಬೇರೆ ಯಾರ ಕೈಲಾದರೂ ಬರೆಸಿ ಅತ್ತೆಮ್ಮ ಎಂದೆ. "ಊರಿಗೆಲ್ಲ ಡಂಗುರ ಹೊಡಿಬೇಕಾ? ನೀನೇ ಬರಿ."

ಬರೆದೆ. ನನ್ನ ಅಕ್ಷರ ಕಾಗೆ ಕಾಲು.

"ಮಗಾ, ಅರ್ಜಿ ವಾಪಸ್ ತಕೋ. ನಾವು ಬರಕಿಲ್ಲ. ಬೇಗ ತಕೋ, ತಡ ಮಾಡಿದ್ರೆ ನಿನ್ ಕೆಲ್ಸ ಓಯ್ತದೆ. ಆಯ್ತಾ?"

"ಯಾಕೆ ಬರಲ್ಲ ಅಂತ ಬರೀಲಿ?"

"ಯಾಕೆ ಅಂತ ಬ್ಯಾಡ." ಸೊಂಟದ ಚೀಲ ಮುಟ್ಟಿಕೊಂಡು, "ಕೂಸಿಗೆ ಎಣ್ಣೆ ಹಚ್ಚಿ ನೀರ್ ಹುಯ್ಯಿ ಅಂತ ಬರಿ. ಆ ದೇಶದಲ್ಲಿ ಹಚ್ತಾರೋ ಇಲ್ವೋ" ಅಂದಳು. ಹೆಬ್ಬೆಟ್ಟು ಒತ್ತಿದಳು. ನಾನೇ ಅಂಚೆಗೆ ಹಾಕಿ ಬಂದೆ.

ಮೈದುನ ಅರ್ಜಿ ವಾಪಸ್ ತೆಗೆದುಕೊಂಡ. ತೆಗೆದುಕೊಂಡೆ ಎಂದು ಒಂದು ಸಾಲು ಬರೆದ. ಅವನ ಕೆಲಸಕ್ಕೆ ಏನೂ ಆಗಲಿಲ್ಲ. ಆಮೇಲಿನ ಕಾಗದಗಳೆಲ್ಲ ಅಪ್ಪನಿಗೆ, ಅಮ್ಮನನ್ನು ಕೇಳುತ್ತಲೂ ಇರಲಿಲ್ಲ. ಮೊಮ್ಮಗನ ಪಟ ಮತ್ತೆ ಬರಲಿಲ್ಲ.

ಹೊಲದ ಮಾತು ಬಿದ್ದುಹೋಯಿತು. ನಾನು ಗುಂಡ್ಲುಪೇಟೆಗೆ ಹೋಗುವ ಮಾತೂ ಬಿದ್ದುಹೋಯಿತು. ಕೆಲವು ದಿನ ಕಳೆದ ಮೇಲೆ ಕೊಂಬು ಹರಡುವಾಗ ಕೇಳಿದೆ. "ಯಾಕತ್ತೆಮ್ಮ ಅವತ್ತು ಹಂಗಂದ್ರಿ?"

"ನಿನಗೋಸ್ಕರ ಅಂದ್ಕೊಂಡ್ಯಾ? ಭಾಳ ದೊಡ್ಡೋಳು ನೀನು." ಕೊಂಬು ಹರಡುತ್ತಲೇ ಇದ್ದಳು. "ಸೊಸೆ ಇಲ್ಲ ಅಂದ್ರೆ ನನ್ ದೊಡ್ಡಮಗ ಹುಟ್ಟೇ ಇರ್ನಿಲ್ಲ ಅಂದಂಗಾಯ್ತದೆ. ಹೆತ್ತೋಳು ನಾನು. ಅಂಗನ್ನಕಾಯ್ತದಾ? ಓಗು, ಎಮ್ಮೆ ಕೂಗ್ತಾ ಅದೆ."

ಈ ಮಾತು ಓದಿದವರು, ಆಮೇಲೆ ಅತ್ತೆ ಸೊಸೆ ಚೆನ್ನಾಗಿದ್ದರು ಎಂದುಕೊಳ್ಳಬಾರದು. ಆಮೇಲೆಯೇ ಕಷ್ಟವಾದದ್ದು. ಮಾವ ಹೆಂಡತಿಯ ಜೊತೆ ಮಾತು ಬಿಟ್ಟರು. ಅವಳು ಎದುರಿಗೇ ಕೂತಿದ್ದರೂ "ಅವಳಿಗೆ ಹೇಳು, ಸಾರು ಉಪ್ಪಾಗ್ಯದೆ" ಎಂದು ನನಗೆ ಹೇಳುವರು. ಅವಳು "ಅವರ್ಗೆ ಯೋಳು, ನೀರ್ ಹುಯ್ಕೊಳ್ಳಕೆ" ಅನ್ನುವಳು. ಒಂದು ಮಾತೂ ಬಿಡದಂತೆ ಎರಡು ಕಡೆಗೂ ಸಾಗಿಸುವುದು ನನ್ನ ಕೆಲಸ. ಮಾವ ಸಾಯುವತನಕ ಹಾಗೇ ನಡೆಯಿತು. ಅತ್ತೆ ನನ್ನನ್ನು ಮೊದಲಿನ ಹಾಗೇ ಬೈದಳು, ದುಡಿಸಿದಳು. ನನಗೆ ಎದುರು ಮಾತಾಡುವ ಬಾಯಿ ಮಾತ್ರ ಹೋಗಿತ್ತು. ಒಬ್ಬಳು ತನ್ನ ಮಗನನ್ನು ಬಿಟ್ಟು ನಮ್ಮನ್ನು ಇಟ್ಟುಕೊಂಡರೆ ಅವಳಿಗೆ ಏನು ತಿರುಗಿ ಹೇಳುವುದು? ಸಿಟ್ಟು ಮಾಡಿಕೊಂಡು ಎದ್ದು ಹೋಗುವ ದಾರಿಯೂ ಇರಲಿಲ್ಲ. ಅವಳು ನನ್ನನ್ನು ಉಳಿಸಿದಳೋ ಗೂಟಕ್ಕೆ ಕಟ್ಟಿದಳೋ, ಇವತ್ತಿಗೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಗೂಟ ಅವಳ ಕಾಲಿಗೂ ಇತ್ತು, ಅಷ್ಟು ಹೇಳಬಲ್ಲೆ. ಸಂಜೆ ಹೊತ್ತು ಸೊಂಟದ ಚೀಲದಿಂದ ಆ ಪಟ ತೆಗೆಯುವಳು. ನೋಡಿ ನೋಡಿ ಕೂಸಿನ ಮುಖ ಸವೆದು ಬಿಳಿಚಿಹೋಗಿತ್ತು. ಆದರೂ ನೋಡುವಳು.

ಕೊನೆಗಾಲಕ್ಕೆ ಅವಳಿಗೆ ಮರೆವು ಬಂತು. ಮೊದಲು ಹೊತ್ತು ಮರೆತಳು, ಆಮೇಲೆ ಬೀದಿ ಮರೆತಳು, ಆಮೇಲೆ ನನ್ನನ್ನು. ಪಕ್ಕದ ಮನೆಯವಳು, ಅದೇ ಬೇಲಿಯವಳು, ಬಂದು ಹತ್ತಿರ ಕೂರುತ್ತಿದ್ದಳು. ಅವಳ ಗುರುತು ಸಿಗುತ್ತಿತ್ತು. ನನ್ನದು ಸಿಗುತ್ತಿರಲಿಲ್ಲ. ಹೀಗೆ ಒಂದು ಬೇಸಿಗೆ ಕಳೆದು, ಮಳೆ ಶುರುವಾಗುವ ಹೊತ್ತಿಗೆ ಒಂದು ಬೆಳಿಗ್ಗೆ ತೀರಿಕೊಂಡಳು. ಮಲಯಕ್ಕೆ ತಂತಿ ಕೊಟ್ಟೆವು. ಉತ್ತರ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಅಳು ಬರಲಿಲ್ಲ. ಬಂದ ಹೆಂಗಸರು ಅದನ್ನೂ ಆಡಿಕೊಂಡರು.

ಅವಳು ನನ್ನೊಡನೆ ಕೊನೆಯದಾಗಿ ಆಡಿದ್ದು ಸಾಯುವ ಹಿಂದಿನ ದಿನ, ಗಂಜಿ ಕುಡಿಸುವಾಗ.

"ನೀನ್ಯಾರಮ್ಮಿ?" ಎಂದಳು.

"ನಿಮ್ಮ ಸೊಸೆ ಕಣತ್ತೆಮ್ಮ."

"ನನ್ ಸೊಸೆ ಮಲಯದಲ್ಲವ್ಳೆ."

"ನಾನು ದೊಡ್ಡ ಸೊಸೆ."

"ಸುಳ್ಳು. ನಂಗೆ ಒಬ್ನೇ ಮಗ."

ಹೆತ್ತ ಬಾಯಿ ಹಾಗನ್ನಬಾರದು ಎಂದಿದ್ದವಳೇ ಅಂದುಬಿಟ್ಟಳು. ನಾನು ತಿದ್ದಲಿಲ್ಲ. ತಿದ್ದಿ ಏನಾಗಬೇಕಿತ್ತು? ಚಮಚ ಬಾಯಿಗೆ ಹಿಡಿದೆ. ಕುಡಿದಳು. ತುಟಿ ಒರೆಸಿದೆ. ನನ್ನ ಮುಖವನ್ನೇ ನೋಡುತ್ತಾ ಇನ್ನೊಂದು ಕೇಳಿದಳು.

"ಮತ್ತೆ ನಿನ್ ಮನೆ ಯಾವ್ದು?"

"ಇದೇ" ಅಂದೆ.

"ಅಂಗಾರೆ ಇರು" ಅಂದಳು.

ಇದ್ದೇನೆ.